'ಎಲ್ಲವ್ರೆ?' ಎಂದು ಕೇಳುತ್ತಿದ್ದವನು

ನಮ್ಮಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಬಿಳಿಗೆರೆ ಕಡೆ ಹೆಣ ಕೂರಿಸಲು ಬರುತ್ತಿದ್ದವನು ಒಬ್ಬನೇ. ಬಾಗಿಲಲ್ಲಿ ನಿಂತು, ಸತ್ತವರು ಎಲ್ಲಿದ್ದಾರೆ ಅಂತ, 'ಎಲ್ಲವ್ರೆ?' ಅನ್ನುತ್ತಿದ್ದ. ಹೆಣ ಎದುರಿಗೇ ಇದ್ದರೂ ಮನೆಯೆಲ್ಲ ಕಣ್ಣಾಡಿಸಿ, ಯಾವುದಾದರೂ ಖಾಲಿ ಮೂಲೆಗೆ ಹೆಗಲ ಟವಲ್ ತೆಗೆದು ಕೈಮುಗಿದ ಮೇಲೆಯೇ ಹೆಣ ಮುಟ್ಟುತ್ತಿದ್ದ.

ನಮ್ಮ ಯಜಮಾನರು ಲಕ್ವ ಹೊಡೆದು ಮಲಗಿದ್ದರು. ನಂಜನಗೂಡಿನ ಡಾಕ್ಟರು ಸ್ಕ್ಯಾನ್ ತೋರಿಸಿ, 'ಮಿದುಳು ಬಹಳ ಹಾಳಾಗಿದೆ, ನೀವು ಆಡಿದ್ದು ಅವರಿಗೆ ತಿಳಿಯುತ್ತದೋ ಇಲ್ಲವೋ ಹೇಳಲಾರೆ' ಎಂದಿದ್ದರು. ನಾನಂತೂ ಗಂಜಿ ಕುಡಿಸುತ್ತಾ ಬಯ್ಯುತ್ತಲೇ ಇದ್ದೆ. ಕೇಳಿಸಿಕೊಳ್ಳುತ್ತಾರೆ ಅಂತಲೇ ನಂಬಿದ್ದೆ.

ಒಂದು ದಿನ ಅವನು ನೋಡಲು ಬಂದ. 'ಎಲ್ಲವ್ರಕ್ಕಾ?' ಅಂದ.

'ಮುಂದೇನೇ ಉಸಿರಾಡ್ತಾ ಮಲ್ಗವ್ರಲ್ಲ, ನಿನ್ ಕಣ್ಗೇನ್ ಮಣ್ ಬಿದ್ದದಾ?'

ಅವನು ಜಗಲಿಯ ಕಡೆ ತಿರುಗಿ ಟವಲ್ ತೆಗೆದ. 'ಅಲ್ ಕೂತವ್ರೆ ಕಣಕ್ಕ. ನೀನೇ ಒಳಕ್ಕೆ ಕರಿ.'

ಪೊರಕೆ ಹಿಡಿದು ಓಡಿಸಿದೆ. ಅವನು ಹೋದ ಮೇಲೆ ಜಗಲಿಗೆ ಬಂದು, ಖಾಲಿ ಜಾಗಕ್ಕೆ, 'ಬನ್ನಿ ಒಳಕ್ಕೆ, ಗಂಜಿ ಆರೋಯ್ತದೆ' ಅಂದೆ.

ವಾರದೊಳಗೆ ಯಜಮಾನರ ಉಸಿರು ನಿಂತಿತು. ಅವನು ಬಂದ. ಈ ಸಲ ಏನೂ ಕೇಳಲಿಲ್ಲ. ನನ್ನ ಬೆನ್ನ ಹಿಂದೆ ನೋಡಿ ಟವಲ್ ತೆಗೆದ.

ನಾನು ತಿರುಗಿ ನೋಡಲಿಲ್ಲ. ಸೆರಗು ಸರಿಮಾಡಿಕೊಂಡೆ.