ದೋಣಿಯ ಮೇಲಿನ ಜಲ್ಸಾ

ನೌಬಾದ ಹತ್ತಿರದ ಆ ಮಾವಿನ ತೋಪು, ಅಲ್ಲಿಯವರ ಮಾತಿನಲ್ಲಿ ಬಾಗು, ಧೊಂಡಿಬಾನದೇ ಎಂದು ಇದನ್ನು ಬರೆಯುತ್ತಿರುವವನು ಬಹಳ ಕಾಲ ನಂಬಿಕೊಂಡಿದ್ದ. ಬೇಸಿಗೆ ಬಂತೆಂದರೆ ಕಂಬಳಿ ಹೆಗಲಿಗೇರಿಸಿ, ಕಾಯಿ ಕಡಿಮೆ ಬಿಟ್ಟ ಗಿಡದ ಎದುರು ನಿಂತು, "ಹೋದ ವರ್ಷ ನಿನಗ ಉಣಿಸಿದ್ದು ಕಮ್ಮಿ ಆಯ್ತೇನು?" ಎಂದು ಗದರಿಸುವ ಮನುಷ್ಯ ಮಾಲಕನಲ್ಲದೆ ಮತ್ತಾರಾಗಿದ್ದಾನು?

ನಿಜ ಸಂಗತಿ ಬೇರೆ. ಧೊಂಡಿಬಾ ಔರಾದ ಕಡೆಯ ಡಾಬಕಾದ ಕುರಿಗಾರ. ಬಾಗು ಬೀದರಿನ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರದು; ಅವರು ಅಲ್ಲಿಗೆ ಬರುತ್ತಿದ್ದುದು ಹಣ್ಣು ಬಿಟ್ಟಾಗ ಮಾತ್ರ. ಇಬ್ಬರ ನಡುವೆ ಅಪ್ಪಂದಿರ ಕಾಲದ ಬಾಯಿಮಾತೊಂದಿತ್ತು. ಬೇಸಿಗೆಯಲ್ಲಿ ಧೊಂಡಿಬಾನ ಕುರಿಹಿಂಡು ಗಿಡಗಳ ಕೆಳಗೆ ತಂಗಿ ಗೊಬ್ಬರ ಕೊಡಬೇಕು. ಬದಲಿಗೆ ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ ಅದಕ್ಕೆ ಹೊಟ್ಟೆ ತುಂಬ ನೀರು ಸಿಗಬೇಕು.

ಆ ವರ್ಷ ಹಳ್ಳಗಳೆಲ್ಲ ಬತ್ತಿದ್ದವು. ದಾರಿಯ ಊರುಗಳ ಬಾವಿಗಳಲ್ಲಿ ಅವರವರ ದನಗಳಿಗೇ ಪಾಳಿ. ಹಿಂದಿನ ದಿನದಿಂದ ಹಿಂಡು ನೀರು ಕಂಡಿರಲಿಲ್ಲ. ಧೊಂಡಿಬಾನಿಗೂ ಹೆಂಡತಿ ಹೀರಾಬಾಯಿಗೂ ಹೊಲವಿಲ್ಲ, ಮಕ್ಕಳಿಲ್ಲ. ಇದ್ದದ್ದು ಈ ಕುರಿಗಳೇ. "ಬಾಗು ಬಂತವ್ವಾ, ಬಾಗು ಬಂತು" ಎಂದು ಕುರಿಗಳಿಗೆ ಸಮಾಧಾನ ಹೇಳುತ್ತ ಬಂದು ನೋಡಿದರೆ ಬಾಗಿಲಿಗೆ ತೋರಣ, ಒಳಗೆ ಶಾಮಿಯಾನ!

ಹಿಂದೆ ಪ್ಲೇಗು ಬಂದಾಗ ಬೀದರಿನ ಓಣಿಗಳೆಲ್ಲ ಖಾಲಿಯಾಗಿ, ಜನ ಇದೇ ಗಿಡಗಳ ಕೆಳಗೆ ಗುಡಿಸಲು ಹಾಕಿ ಬದುಕಿಕೊಂಡಿದ್ದರು. ಅದನ್ನು ನೆನೆದು ಬಾಗನ್ನು ಕೊಂಡಾಡುವ ಸಭೆ, ಅವರ ಮಾತಿನಲ್ಲಿ ಜಲ್ಸಾ, ಅದು. ದೊಡ್ಡವರು ಮಾತಾಡಲು ಎತ್ತರದ ಜಾಗ ಬೇಕಲ್ಲ? ಕಲ್ಲುದೋಣಿಯ ಮೇಲೆ ಹಲಗೆ ಜೋಡಿಸಿ, ಜಮಖಾನೆ ಹಾಸಿ, ಲೋಡು ಇಟ್ಟಿದ್ದರು. ರಾಟಿ ಕಿರುಗುಟ್ಟಿದರೆ ಭಾಷಣದ ಕಳೆ ಕೆಡುತ್ತದೆಂದು, ಬಾವಿಯಿಂದ ನೀರೆತ್ತುವ ಸಲಾವೋದ್ದೀನನ ಎತ್ತುಗಳನ್ನೂ ಬಿಚ್ಚಿಸಿದ್ದರು.

"ಧಣಿ, ನಿನ್ನಿಯಿಂದ ಕುರಿ ನೀರು ಕುಡದಿಲ್ಲರಿ" ಎಂದ ಧೊಂಡಿಬಾ.

ಮಲ್ಲಿಕಾರ್ಜುನಪ್ಪನವರ ಮುಖ ಅರಳಿತು, ಕುರಿಗಳ ಸಲುವಾಗಿ ಅಲ್ಲ. "ಛಲೋ ಟೈಮಿಗಿ ಬಂದಿ ನೋಡು! ಜಲ್ಸಾಕ್ಕ ಒಬ್ಬ ಖರೇ ಕುರಿ ಕಾಯವ ಬೇಕಾಗಿದ್ದ. ಕುರಿ ಹೊರಗ ಇರ್ಲಿ, ನೀ ಒಳಗ ಬಾ. ಕಡೀಗಿ ನಾಕು ಮಾತು ನಿಂದೂ ಆಗ್ಲಿ."

"ನೀರು ಧಣಿ..."

"ಏ, ಕುಂದ್ರೋ! ತಕ್ರೀರು, ಭಾಷಣಾ ಎಲ್ಲಾ ಮುಗೀಲಿ. ನೀರೇನು ಎದ್ದು ಓಡ್ತದ?"

ಧಣಿ ಮುನಿದರೆ ಮುಂದಿನ ಬೇಸಿಗೆಗೂ ಬಾಗಿಲು ಮುಚ್ಚೀತು. ಧೊಂಡಿಬಾ ಕುಳಿತ. ಯಾರೋ ಅವನ ತಲೆಗೆ ಹೊಸ ರುಮಾಲು ಸುತ್ತಿದರು. ಹೊರಗೆ ಗೋಡೆಯಾಚೆ ಹೀರಾಬಾಯಿ ಒಬ್ಬಳೇ ಎರಡೂ ಕೈ ಚಾಚಿ ಹಿಂಡನ್ನು ತಡೆದು ನಿಂತಿದ್ದಳು. ಬಾವಿಯ ವಾಸನೆ ಹಿಡಿದ ಕುರಿಗಳು ಅವಳ ಮೊಳಕಾಲಿಗೇ ಹಾಯುತ್ತಿದ್ದವು.

ಭಾಲ್ಕಿಯಿಂದ ಬಂದ ವಕೀಲ ಹಣಮಂತಪ್ಪನವರು ಎದ್ದರು. "ಏನು ದಿನಾ ಅವು! ಮ್ಯಾಲ ಆಕಾಶದಾಗ ಚಿಕ್ಕಿ, ಕೆಳಗ ಗುಡಸಲಾ, ಹೊಟ್ಟಿ ತುಂಬ ಕಾಳು ಪಲ್ಲೆದ ಭಜ್ಜಿ, ಅಂಬಲಿ!" ಆ ದಿನಗಳಲ್ಲಿ ಇದೇ ವಕೀಲರು ಇರುವೆಗೆ ಹೆದರಿ ಗಾಡಿಯಿಂದ ಕೆಳಗಿಳಿದಿರಲಿಲ್ಲ. ಗುಡಿಸಲಿಗೆ ಬಂದ ಮೇಲೂ ಸತ್ತವರಿದ್ದರು. ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಜಲ್ಸಾಕ್ಕೆ ಒಪ್ಪುವ ಹೆಸರುಗಳಲ್ಲ ಅವು.

ಧೊಂಡಿಬಾ ಎದ್ದ. ಪಕ್ಕದವರು ಧೋತರ ಹಿಡಿದು ಕೂರಿಸಿದರು. ಮತ್ತೆ ಎದ್ದ. "ಭಾಷಣಕ್ಕ ಎಷ್ಟು ಅವಸರ ನೋಡ್ರಿ ಇವಗ!" ಎಂದು ನಕ್ಕರು.

ನೋಡಲಾರದೆ ಸಲಾವೋದ್ದೀನ ಒಂದು ಮಣ್ಣಿನ ಕೊಡ ಬಾವಿಗಿಳಿಸಿ, ತುಂಬಿಕೊಂಡು, ಗೋಡೆ ಸುತ್ತಿ ಹೊರಗೆ ಒಯ್ದ. ಮರಿಗಳಿಗಾದರೂ ಆಗಲಿ ಎಂಬ ಕರುಣೆ ಅವನದು. ಆದರೆ ಕೊಡ ಒಂದು, ಕುಡಿಯುವುದು ಇಡೀ ಹಿಂಡು. ನೀರು ಕಂಡದ್ದೇ ತಡ, ಕುರಿಗಳೆಲ್ಲ ಒಂದರ ಮೇಲೊಂದು ಮುಗಿಬಿದ್ದವು. ಕೊಡ ಒಡೆಯಿತು. ಕುರಿಗಳು ಒದರಿದವು, ಹೀರಾಬಾಯಿ ಚೀರಿದಳು.

ವೇದಿಕೆಯ ಮೇಲೆ ವಕೀಲರು ಕಿವಿಗೆ ಕೈಯಿಟ್ಟರು. "ಕೇಳ್ರಿ, ಕೇಳ್ರಿ! ಆಗೂ ಹಿಂಗೇ ಸಂಜೀಕ ಕುರಿ ಒದರ್ತಿದ್ವು!" ಸಭೆ ಕಣ್ಣೊರೆಸಿಕೊಂಡಿತು. ಚಪ್ಪಾಳೆ ಬಿತ್ತು.

ಧೊಂಡಿಬಾ ಧೋತರ ಬಿಡಿಸಿಕೊಂಡು ಓಡಿದ. ಕುರಿಗಳು ಹಸಿ ಮಣ್ಣು ನೆಕ್ಕುತ್ತಿದ್ದವು. ಮುದಿ ಕುರಿಯೊಂದು ಮುಂಗಾಲೂರಿ ಕುಸಿದಿತ್ತು. ಕಾಲ್ತುಳಿತಕ್ಕೆ ಸಿಕ್ಕ ಮರಿಯನ್ನು ಹೀರಾಬಾಯಿ ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಅದರ ಬಾಯಿಯ ಮಣ್ಣು ಒರೆಸುತ್ತಿದ್ದಳು. "ಯಾರರ ಕೇಳಿದ್ರೇನು ನಿಮ್ಮ ಮಾತು?" ಎಂದಳು. ಧೊಂಡಿಬಾ ಅವಳ ಮಡಿಲಿಗೆ ಬಗ್ಗಿದ. ಮರಿಯನ್ನು ಎತ್ತಿಕೊಂಡು ಒಳಗೆ ನಡೆದ. ಜಮಖಾನೆಯ ಮೇಲೆ ಮಣ್ಣುಗಾಲಿನ ಗುರುತು ಬಿದ್ದರೂ ಈ ಸಲ ಯಾರೂ ತಡೆಯಲಿಲ್ಲ.

ಮಲ್ಲಿಕಾರ್ಜುನಪ್ಪನವರು ಲೋಡಿಗೆ ಒರಗಿದ್ದವರು ಹಾರ ಸರಿಪಡಿಸಿಕೊಂಡು, ಸಭೆಗೆಲ್ಲ ಕೇಳುವಂತೆ ಪ್ರೀತಿಯಿಂದ ವಿಚಾರಿಸಿದರು: "ಏನು ಧೊಂಡಿಬಾ, ಮರೀಗೂ ಜಲ್ಸಾ ತೋರಿಸ್ಲಿಕ್ಕ ತಂದಿ ಏನು? ಭಾಷಣಾ ಕೇಳಿ ಮಲ್ಕೊಂಡದಲ್ಲೋ!"

"ಮಲ್ಕೊಂಡಿಲ್ಲರಿ, ಸತ್ತದ. ಉಳದವೂ ಸಾಯೋಕಿಂತ ಮೊದ್ಲ ದೋಣಿ ಮ್ಯಾಲಿಂದ ಇಳೀರಿ."