ದಿಬ್ಬದ ಮಣ್ಣು ತೊಳೆಯುವ ವಿಮಲಾ

ಒನ್-ನಾರ್ತ್ ಎಂಬ ಸಂಶೋಧನಾ ಬಡಾವಣೆಯ ಆಫೀಸುಗಳಲ್ಲಿ ಇನ್ನೂ ದೀಪ ಹತ್ತಿಲ್ಲ. ನೆಲಮಾಳಿಗೆಯ ಲ್ಯಾಬೊಂದರಲ್ಲಿ ಮಾತ್ರ ನಲ್ಲಿ ಸಣ್ಣಗೆ ಹರಿಯುತ್ತಿದೆ. ವಿಮಲಾ ಜರಡಿಯ ಮೇಲೆ ಹಿಡಿಮಣ್ಣಿಟ್ಟು ಬೆರಳ ತುದಿಯಿಂದ ಕರಗಿಸುತ್ತಿದ್ದಾರೆ. ನೀರು ಕೆಂಪಾಗಿ ಇಳಿದುಹೋಗುತ್ತದೆ. ಸುಟ್ಟ ಭತ್ತದ ಕಾಳು, ಮೀನಿನ ಮುಳ್ಳು, ಒಂದು ಹಾಲುಹಲ್ಲು ಉಳಿಯುತ್ತವೆ.

"ಬೇರಿಲ್ಲ ನೋಡಿ, ತಾನಾಗೇ ಬಿದ್ದ ಹಲ್ಲು. ಅಂದ್ರೆ ಮಗು ಆಮೇಲೂ ಬದುಕಿತ್ತು," ಎನ್ನುತ್ತಾರೆ, ಸಮಾಧಾನದಿಂದ.

ಮಣ್ಣು ಬಂದಿರುವುದು ಪಕ್ಕದ ದೇಶದ ನದಿಬಯಲಿನ ದಿಬ್ಬವೊಂದರಿಂದ. ಎರಡು ಸಾವಿರ ವರ್ಷಗಳ ಹಿಂದೆ ಯಾರೋ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಅದನ್ನು ಕಟ್ಟಿದರು. ನೆರೆ ಬಂದಾಗ ಅದರ ಮೇಲೆ ಬದುಕಿದರು, ಸತ್ತವರನ್ನು ಅದರೊಳಗೇ ಇಟ್ಟರು. ಅವರ ಹೆಸರೂ ಭಾಷೆಯೂ ಉಳಿದಿಲ್ಲ.

ಕಾರ್ಕಳದ ಕಡೆಯ ವಿಮಲಾ ಈಗಿರುವುದು ಈ ಪರದೇಶದ ನಗರದ ಟ್ಯಾಂಪಿನೀಸ್ ಬಡಾವಣೆಯಲ್ಲಿ. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ, ಮಗಳು ತನಿಷಾಳ ಓದಿಗೆಂದು ಈ ಕೆಲಸ ಹಿಡಿದರು. ಇಡೀ ದಿನ ನೀರಲ್ಲಿದ್ದು ಬೆರಳ ಚರ್ಮ ಸುಲಿದಿದೆ. ಸಂಶೋಧನಾ ವರದಿಗಳಲ್ಲಿ ಅವರ ಹೆಸರಿರುವುದಿಲ್ಲ.

ಹೋದ ವರ್ಷ ಒಂದು ದೊಡ್ಡ ಹೆಂಟೆ ಬಂತು. ಅದರ ಅಡಿಯಲ್ಲಿ ಸ್ಪಷ್ಟವಾದ ಅಂಗೈ ಗುರುತು.

"ಯಾವ ಕಡೆ ಮೇಲೆ ಅಂತ ಬಾಕ್ಸಲ್ಲಿ ಬಾಣ ಹಾಕಿದ್ರು. ಕೈ ಒತ್ತಿದ್ದು ಕೆಳಗಿಂದ. ಮಣ್ಣು ಹಾಕುವಾಗ ಒಳಗೆ ಯಾರೋ ಇದ್ರು. ಜೀವ ಇತ್ತು ಅವರಿಗೆ."

ಲ್ಯಾಬಿನ ಮುಖ್ಯಸ್ಥ ಪಟ್ಟಾಭಿರಾಮ ಒಪ್ಪಲಿಲ್ಲ. "ಬಾಕ್ಸಿಗೆ ಹಾಕುವಾಗ ಮಗುಚಿರುತ್ತೆ ಆಂಟಿ. ಬ್ಯಾಚ್ ಕ್ಲೋಸ್ ಆಗ್ಬೇಕು, ತೊಳೆದುಬಿಡಿ."

"ನನ್ನ ಕೈಯಲ್ಲಿ ಆಗಲ್ಲ ಸರ್. ಬೇಕಾದ್ರೆ ಕೆಲಸ ಬಿಡ್ತೇನೆ."

ಅದೇ ವಾರ ವಿಮಲಾರ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕಿತ್ತು. ಪಟ್ಟಾಭಿರಾಮ ಬೇಸರದಿಂದಲೇ ಹೆಂಟೆ ಎತ್ತಿಕೊಂಡರು, ಗುರುತಿನ ಮೇಲೆ ತಮ್ಮ ಅಂಗೈ ಇಟ್ಟರು. ತಟ್ಟನೆ ತೆಗೆದರು. ಹೊರಗೆ ಹೋಗಿ ಉತ್ಖನನದ ತಂಡಕ್ಕೆ ಫೋನ್ ಮಾಡಿದರು. ರಸ್ತೆಗಾಗಿ ದಿಬ್ಬ ಕೆಡವಲು ಬಂದಿದ್ದ ಯಂತ್ರ ನಿಂತಿತು.

ಹೆಂಟೆ ತೆಗೆದ ಜಾಗದ ಕೆಳಗೆ ಒಬ್ಬರು ಮುದುರಿ ಕೂರುವಷ್ಟು ಪೊಳ್ಳು ಸಿಕ್ಕಿತು. ಎಲುಬಿರಲಿಲ್ಲ. ಗೋಡೆಯ ತುಂಬ ಉಗುರಿನ ಗೀರು. ಮೂಲೆಯಲ್ಲಿ ಕೈಯಿಂದಲೇ ತೋಡಿದ ಬಿಲ. ಅದು ಹೊರಕ್ಕೆ ಹೋಗಿಲ್ಲ, ದಿಬ್ಬದ ಒಡಲೊಳಕ್ಕೆ ಹೋಗಿದೆ. ಎಲ್ಲಿ ಮುಗಿಯುತ್ತದೆಂದು ಇನ್ನೂ ತಿಳಿದಿಲ್ಲ. ತಂಡ ಗೇಣು ಗೇಣಾಗಿ ಅಗೆಯುತ್ತಿದೆ, ಆ ಮಣ್ಣೆಲ್ಲ ವಿಮಲಾ ಬಳಿಗೇ ಬರುತ್ತಿದೆ.

ಹೆದರಿಕೆ ಆಗುವುದಿಲ್ಲವೇ ಎಂದರೆ ನಲ್ಲಿ ನಿಲ್ಲಿಸುತ್ತಾರೆ.

"ಆಗುತ್ತೆ. ಒಬ್ಬಳೇ ಇದ್ದಾಗ ಬಾಕ್ಸ್ ಓಪನ್ ಮಾಡೋ ಮೊದ್ಲು ಎಲ್ಲ ದೀಪ ಹಾಕ್ತೇನೆ. ಆದ್ರೆ ಆ ಬಿಲ ತೋಡಿದವರು ಸಿಕ್ಕಿದ್ರೆ ಮೊದ್ಲು ನನ್ನ ಕೈಗೇ ಸಿಗ್ಲಿ. ನಾನು ಮೆಲ್ಲ ಎತ್ತುತ್ತೇನೆ."