ಪಾಮರ್ಸ್ಟನ್ ನಾರ್ತ್‌ನಲ್ಲಿ ಗೋಲ್‌ಕೀಪರ್‌ಗೆ ಬ್ಯಾಟು

ಶನಿವಾರ ಬೆಳಿಗ್ಗೆ ನ್ಯೂಜಿಲೆಂಡಿನ ನಮ್ಮೂರು ಲೋವರ್ ಹಟ್ ಬಿಟ್ಟಾಗ ಗಾಳಿ ಕಾರಿನ ಬಾಗಿಲನ್ನೇ ಕಿತ್ತುಕೊಳ್ಳುವಂತಿತ್ತು. ಪಕ್ಕದಲ್ಲಿ ಹುಬ್ಬಳ್ಳಿಯ ಜುಬೇದಾ ಆಂಟಿ. ನಮ್ಮ ಬೀದಿಯಲ್ಲೇ ಮಗಳ ಮನೆಯಲ್ಲಿದ್ದಾರೆ, ಎಪ್ಪತ್ತು ದಾಟಿದೆ. ಏಷ್ಯಾದಲ್ಲಿ ಹೆಂಗಸರ ಫುಟ್‌ಬಾಲ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ ಒಂದು ಪಂದ್ಯಾವಳಿಯಲ್ಲಿ ಭಾರತದ ಗೋಲ್‌ಕೀಪರ್ ಆಗಿದ್ದವರು. ಪಾಮರ್ಸ್ಟನ್ ನಾರ್ತ್‌ನ ಕನ್ನಡಿಗರು ತಮ್ಮ ಕೂಟದಲ್ಲಿ ಸನ್ಮಾನ ಮಾಡುತ್ತೇವೆಂದು ಕರೆದಿದ್ದರು.

ಸುಮಾರು ನೂರ ನಲವತ್ತು ಕಿಲೋಮೀಟರ್, ಎರಡು ಗಂಟೆಯ ದಾರಿ. ಎಡಕ್ಕೆ ಕಡಲು, ಬಲಕ್ಕೆ ಬೆಟ್ಟ. ಲೆವಿನ್‌ನಲ್ಲಿ ಒಂದು ಡೇರಿಯ ಮುಂದೆ ನಿಲ್ಲಿಸಿದೆವು. ಇಲ್ಲಿ ಡೇರಿ ಎಂದರೆ ಮೂಲೆಯ ದಿನಸಿ ಅಂಗಡಿ. ನಾನು ಮಾಂಸ ತುಂಬಿದ ಪೈ ತಿಂದೆ. ಅದು ಹಲಾಲ್ ಅಲ್ಲವೆಂದು ಆಂಟಿ ಫ್ಲಾಸ್ಕಿನ ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿಕೊಂಡರು.

"ಸ್ಟೇಜ್ ಮೇಲೆ ಏನು ಮಾತಾಡ್ತೀರ ಆಂಟಿ?" ಎಂದು ಕೇಳಿದೆ.

"ಮಾತೇನು ಬ್ಯಾಡವಾ. ನನ್ನ ಜೋಡಿ ಆಡಿದ ಹುಡುಗ್ಯಾರ ಹೆಸರು ಹೇಳಿ ಇಳೀತೀನಿ. ಅವಾಗ ಯಾವ ಪೇಪರ್‌ನ್ಯಾಗೂ ಬರಲಿಲ್ಲ. ಅರ್ಧಾ ಮಂದಿ ಹೋಗ್ಯಾರ. ಒಮ್ಮೆರ ಮೈಕಿನ್ಯಾಗ ಕೇಳ್ಲಿ."

ಸಭಾಂಗಣದ ಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದರು: ‘ಭಾರತದ ಹೆಮ್ಮೆಯ ಕ್ರಿಕೆಟ್ ಆಟಗಾರ್ತಿ’. ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲಿ ಫುಟ್‌ಬಾಲ್, ಫುಟ್‌ಬಾಲ್ ಎಂದು ಬಡಕೊಂಡಿದ್ದೆ. ‘ಭಾರತಕ್ಕೆ ಆಡಿದವರು’ ಎಂಬುದಷ್ಟೇ ಅವರ ಕಿವಿಗೆ ಬಿದ್ದಿತ್ತು. ನಮ್ಮವರಿಗೆ ದೇಶಕ್ಕೆ ಆಡುವುದೆಂದರೆ ಇನ್ನೇನು!

ಕೂಟದ ಕಾರ್ಯದರ್ಶಿ ಬೆಂಗಳೂರಿನವನು. ಹಲ್ಲು ಕಿರಿದ. "ಬಿಡಿ ಮೇಡಂ, ಯಾವ್ದಾದ್ರೇನು, ಆಟ ಆಟಾನೇ ಅಲ್ವಾ? ಯಾರೂ ನೋಡಲ್ಲ."

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಹೊಸ ಬ್ಯಾಟೊಂದನ್ನು ಕೈಗಿತ್ತು ಫೋಟೋಗೆ ನಿಲ್ಲಿಸಿದರು. ಆಂಟಿ ಮೈಕಿಗೆ ಬಾಗಿ, "ನಾ ಗೋಲ್‌ಕೀಪರ್ ಇದ್ದೆರಿ. ಬಂದದ್ದನ್ನ ಹೊಳ್ಳಿ ಕಳಸೋದ ನನ್ನ ಕೆಲಸ," ಎಂದು ಬ್ಯಾಟನ್ನು ಕಾರ್ಯದರ್ಶಿಯ ಕೈಗೇ ಕೊಟ್ಟರು. ಜನ ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿದರು. "ನನ್ನ ಜೋಡಿ ಆಡಿದ..." ಎಂದು ಆಂಟಿ ಶುರು ಮಾಡುವಷ್ಟರಲ್ಲಿ ಅವನು ಮೈಕ್ ಕಿತ್ತುಕೊಂಡ. "ಥ್ಯಾಂಕ್ಯೂ ಆಂಟಿ! ಈಗ ಮಕ್ಕಳ ಡ್ಯಾನ್ಸ್, ಆಮೇಲೆ ಊಟ!"

ನಾನು ನೇರ ಹೋಗಿ ಜಗಳಕ್ಕೆ ನಿಂತೆ. "ಹೆಸರು ಹೇಳೋಕೆ ಎರಡು ನಿಮಿಷ ಕೊಡೋಕೆ ನಿಮಗೇನ್ರೀ ದಾಡಿ?"

"ಬಿಸಿಬೇಳೆಬಾತ್ ಆರ್‌ಹೋಗುತ್ತೆ ಮೇಡಂ," ಎಂದ.

ಅವನ ಬಿಸಿಬೇಳೆಬಾತಿಗೆ ಬೆಂಕಿ ಬೀಳಲಿ. ಊಟ ಮಾಡದೆ ಹೊರಟುಬಂದೆವು.

ವಾಪಸು ದಾರಿಯಲ್ಲಿ ಮಳೆ ಹಿಡಿಯಿತು. ಓಟಾಕಿ ಹತ್ತಿರ ಬಂದಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. "ನನಗಾದ್ರೂ ಹೇಳಿ ಆಂಟಿ," ಎಂದೆ. ಅವರು ಸೀಟಿನಲ್ಲಿ ನೆಟ್ಟಗೆ ಕೂತು, ಶಾಲು ಸರಿಮಾಡಿಕೊಂಡು, ಸಭೆಗೆ ಹೇಳುವ ಹಾಗೆಯೇ ಶುರು ಮಾಡಿದರು. ಒಬ್ಬೊಬ್ಬಳ ಹೆಸರು, ಅವಳ ಊರು. ಕೊನೆಯವಳ ಹತ್ತಿರ ಬಂದು ನಿಂತುಬಿಟ್ಟರು. ಮೈದಾನದ ಎಡ ಅಂಚಿನಲ್ಲಿ ಓಡುತ್ತಿದ್ದವಳಂತೆ, ಉದ್ದ ಜಡೆಯವಳಂತೆ. ಎಷ್ಟು ಹೊತ್ತಾದರೂ ಹೆಸರು ಬರಲಿಲ್ಲ. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ.

"ಸ್ಟೇಜ್ ಹತ್ತೋತನಕ ಬಾಯಾಗ ಇತ್ತವಾ," ಎಂದರು ಆಂಟಿ.